ಮಾಯಬಾರದ ಗಾಯ

ಶಸ್ತ್ರವೈದ್ಯರು ದೇಹದ ಯಾವ ಭಾಗವನ್ನು ಕೊಯ್ದರೂ, ಕೊಯ್ದ ಬಳಿಕ ಅವರ ಹಾರೈಕೆ ಒಂದೇ ಬಗೆಯದು: ಗಾಯವು ಬೇಗನೆ ಕೂಡಿಕೊಳ್ಳಲಿ, ಕಲೆಯು ಗಟ್ಟಿಯಾಗಲಿ, ಅಂಗವು ಮೊದಲಿನಂತೆ ಅಖಂಡವಾಗಲಿ ಎಂಬುದು. ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ ನಿಂತ ಶಸ್ತ್ರಕ್ರಿಯೆಗಳು ತೀರ ವಿರಳ. ಅವುಗಳಲ್ಲೊಂದು ಗ್ಲಾಕೋಮಾ ಎಂಬ ನೇತ್ರರೋಗಕ್ಕಾಗಿ ಮಾಡತಕ್ಕ ಶಸ್ತ್ರಕ್ರಿಯೆ. ಇಲ್ಲಿ ವೈದ್ಯರು ಕಣ್ಣಿನ ಬಿಳಿಯ ಗೋಡೆಯಲ್ಲಿ ಒಂದು ಸೂಕ್ಷ್ಮದ್ವಾರವನ್ನು ತೆರೆಯುತ್ತಾರೆ. ಆ ದ್ವಾರವು ರೋಗಿಯ ಜೀವಮಾನವೆಲ್ಲ ತೆರೆದೇ ಇರಬೇಕೆಂಬುದು ಅವರ ಸಂಕಲ್ಪ. ದೇಹಕ್ಕಾದರೋ ತೆರೆದುದನ್ನು ಮುಚ್ಚುವ ವಿದ್ಯೆಯೊಂದೇ ಗೊತ್ತು. ಲಕ್ಷಾಂತರ ವರ್ಷಗಳ ಜೀವವಿಕಾಸದಲ್ಲಿ ಅದು ಕಲಿತ ಪಾಠ ಅದೇ. ಈ ಎರಡು ಸಂಕಲ್ಪಗಳ ನಡುವಣ ಸ್ಪರ್ಧೆಯಲ್ಲಿ ಕೈಚಳಕಕ್ಕೆ ತನ್ನ ಸ್ಥಾನ ಉಂಟು, ಸಂದೇಹವಿಲ್ಲ. ಆದರೆ ಫಲವನ್ನು ನಿರ್ಣಯಿಸುವಲ್ಲಿ ಅದಕ್ಕಿಂತಲೂ ಬಲವಾದ ಪಕ್ಷ ಇನ್ನೊಂದಿದೆ. ಶಸ್ತ್ರವು ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಆ ಕಣ್ಣಿನಲ್ಲಿ ಮನೆಮಾಡಿಕೊಂಡಿರುವ ಉರಿಯೂತವೇ ಅದು.

ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಎಂಬ ಪಾರದರ್ಶಕ ಪಟಲಕ್ಕೂ ಅದರ ಹಿಂದಿನ ಮಸೂರಕ್ಕೂ ನಡುವೆ ನಿರ್ಮಲವಾದ ದ್ರವವೊಂದು ಸದಾ ತುಂಬಿರುತ್ತದೆ. ಸಿಲಿಯರಿ ಅಂಗವೆಂಬ ಉಂಗುರಾಕಾರದ ಊತಕವು ಅದನ್ನು ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರಿನಂತೆ ಸ್ರವಿಸುತ್ತದೆ. ಇಡೀ ದಿನದ್ದನ್ನು ಕೂಡಿಟ್ಟರೂ ಒಂದು ಚಮಚೆ ತುಂಬುವುದಿಲ್ಲ. ಈ ದ್ರವವು ಪಾಪೆಯ ಮೂಲಕ ಮುಂದಕ್ಕೆ ಬಂದು, ಪಾಪೆಯ ಸುತ್ತಲ ಬಣ್ಣದ ಪರದೆಯಾದ ಐರಿಸ್ ಮತ್ತು ಕಾರ್ನಿಯಾಗಳು ಸಂಧಿಸುವ ಮೂಲೆಯನ್ನು ಸೇರಿ, ಅಲ್ಲಿನ ಜಾಲರಿಯಂಥ ಊತಕದಲ್ಲಿ ಸೋಸಿಹೋಗಿ, 1830ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಫ್ರೀಡ್ರಿಕ್ ಶ್ಲೆಮ್ ವರ್ಣಿಸಿದ ನಾಳದ ಮೂಲಕ ರಕ್ತವನ್ನು ಕೂಡಿಕೊಳ್ಳುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಕೆರೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ: ಬರುವ ನೀರಿಗೂ ಕೋಡಿಯಲ್ಲಿ ಹೋಗುವ ನೀರಿಗೂ ಸಮತೂಕವಿರುವ ತನಕ ಏರಿಗೆ ಅಪಾಯವಿಲ್ಲ, ಕೋಡಿಯಲ್ಲಿ ಹೂಳು ತುಂಬಿತೆಂದರೆ ಒತ್ತಡವೆಲ್ಲ ಏರಿಯ ಮೇಲೆ. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರುಗಳ ನಡುವೆ ಇರುತ್ತದೆ. ಅದು ಏರಿ ನಿಂತಾಗ ಮೊದಲು ಸೋಲುವುದು ಕಣ್ಣಿನ ಹಿಂಬದಿಯ ದೃಷ್ಟಿನರ. ಹತ್ತು ಹನ್ನೆರಡು ಲಕ್ಷ ತಂತುಗಳ ಆ ಕಟ್ಟಿನಲ್ಲಿ ಸತ್ತ ತಂತು ಮತ್ತೆ ಹುಟ್ಟುವುದಿಲ್ಲ. ದೃಷ್ಟಿಯು ಅಂಚಿನಿಂದ ಸವೆಯುತ್ತ ಬರುವುದರಿಂದ ರೋಗಿಗೆ ಅದರ ಸುಳಿವೂ ಸಿಕ್ಕುವುದಿಲ್ಲ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ನಲವತ್ತು ವರ್ಷ ದಾಟಿದ ನೂರು ಜನರಲ್ಲಿ ಇಬ್ಬರು ಮೂವರಿಗೆ ಈ ರೋಗವಿರುತ್ತದೆ. ಅವರಲ್ಲಿ ಬಹುಪಾಲು ಜನ ತಮಗೆ ಅದು ಇದೆಯೆಂಬುದನ್ನೇ ಅರಿಯರು.

ಹನಿಮದ್ದು, ಲೇಸರ್ ಇವುಗಳಿಂದ ಒತ್ತಡ ಇಳಿಯದೆ ಹೋದಾಗ ಹೊಸದೊಂದು ದಾರಿಯನ್ನು ಕೊರೆಯಬೇಕಾಗುತ್ತದೆ. ಈ ವಿದ್ಯೆಯ ಇತಿಹಾಸದಲ್ಲಿ ದಕ್ಷಿಣ ಭಾರತಕ್ಕೆ ಗೌರವದ ಸ್ಥಾನವಿದೆ. ಮದರಾಸಿನ ಎಗ್ಮೋರಿನಲ್ಲಿರುವ ಸರ್ಕಾರಿ ಕಣ್ಣಾಸ್ಪತ್ರೆಯು ಅಂದು ಮದರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೂ ಹಿರಿಯಾಸ್ಪತ್ರೆಯಾಗಿತ್ತು. ಅದರ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬುವರು 1909ರಲ್ಲಿ, ಬಿಳಿಗುಡ್ಡೆಯು ಕಾರ್ನಿಯಾವನ್ನು ಸೇರುವ ಅಂಚಿನಲ್ಲಿ ಒಂದು ಪುಟ್ಟ ವೃತ್ತಾಕಾರದ ತುಣುಕನ್ನು ಕೊರೆದು ತೆಗೆದು, ಮೇಲಿನ ತೆಳುಪೊರೆಯನ್ನು ಮತ್ತೆ ಹೊದಿಸುವ ಕ್ರಮವನ್ನು ಆರಂಭಿಸಿದರು. ಆ ಕ್ರಮ ಮದರಾಸಿನಿಂದ ಹೊರಟು ಲೋಕದ ನೇತ್ರವೈದ್ಯರೆಲ್ಲರ ಕೈ ಸೇರಿತು. ಆದರೆ ಬರಿಯ ರಂಧ್ರದಿಂದ ದ್ರವ ಮಿತಿಮೀರಿ ಸೋರುವುದೂ, ವರ್ಷಗಳ ಮೇಲೆ ಅದೇ ದಾರಿಯಿಂದ ಸೋಂಕು ಒಳನುಗ್ಗುವುದೂ ಉಂಟು. 1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೆ. ಇ. ಕೇರ್ನ್ಸ್ ಅವರು ಪ್ರಕಟಿಸಿದ ಟ್ರಾಬೆಕ್ಯುಲೆಕ್ಟಮಿಯಲ್ಲಿ ರಂಧ್ರದ ಮೇಲೆ ಬಿಳಿಗುಡ್ಡೆಯದೇ ಒಂದು ಅರ್ಧ ದಪ್ಪದ ಕದವನ್ನು ಇಟ್ಟು ಹೊಲಿಯಲಾಗುತ್ತದೆ. ಇಂದಿಗೂ ಗ್ಲಾಕೋಮಾ ಶಸ್ತ್ರಕ್ರಿಯೆಯೆಂದರೆ ಬಹುಮಟ್ಟಿಗೆ ಇದೇ. ಶ್ಲೆಮ್ ನಾಳದ ಕೊಯ್ದ ತುದಿಗಳೊಳಕ್ಕೆ ದ್ರವವು ನೇರವಾಗಿ ಹರಿಯುವುದೆಂದು ಕೇರ್ನ್ಸ್ ಭಾವಿಸಿದ್ದರು. ದ್ರವವಾದರೋ ಕದದ ಅಂಚಿನಿಂದ ಹೊರಬಂದು ಕಣ್ಣಿನ ಮೇಲ್ಪೊರೆಯ ಕೆಳಗೆ ಹರಡಿ, ಮೇಲ್‌ರೆಪ್ಪೆಯ ಮರೆಯಲ್ಲಿ ಬ್ಲೆಬ್ ಎಂದು ಕರೆಯುವ ಒಂದು ಮೆತ್ತನೆಯ ಉಬ್ಬನ್ನು ಉಂಟುಮಾಡಿತು. ಹೀಗೆ ಸಿದ್ಧಾಂತ ತಪ್ಪಿದರೂ ಚಿಕಿತ್ಸೆ ಫಲಿಸಿತು. ಆ ಉಬ್ಬು ಮೆತ್ತಗೆ, ಹರಡಿಕೊಂಡು, ರಕ್ತನಾಳಗಳ ಸಂದಣಿಯಿಲ್ಲದೆ ಇದ್ದರೆ ದಾರಿ ತೆರೆದಿದೆಯೆಂದು ಅರ್ಥ. ಕೆಂಪೇರಿ, ದಪ್ಪಗಾಗಿ, ಕುಗ್ಗುತ್ತ ಬಂದರೆ ದಾರಿ ಮುಚ್ಚುತ್ತಿದೆಯೆಂದು ಅರ್ಥ.

ಮುಚ್ಚುವವರು ಯಾರು? ಕೊಯ್ದ ಕೆಲವು ಗಂಟೆಗಳಲ್ಲಿ ರಕ್ತನಾಳಗಳು ಸೋರಿ, ರಕ್ತದ ಪ್ರೋಟೀನುಗಳು ಗಾಯದಲ್ಲಿ ಹೆಪ್ಪುಗಟ್ಟುತ್ತವೆ; ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ; ಅವು ಸ್ರವಿಸುವ ಸಂದೇಶರಸಗಳನ್ನು, ಮುಖ್ಯವಾಗಿ ಟಿಜಿಎಫ್-ಬೀಟಾ ಎಂಬುದನ್ನು, ಗ್ರಹಿಸಿ ಮೇಲ್ಪೊರೆಯ ಕೆಳಗಿನ ಟೆನನ್ ಪದರದ ಫೈಬ್ರೋಬ್ಲಾಸ್ಟ್ ಕೋಶಗಳು ನಿದ್ರೆ ತಿಳಿದೆದ್ದು, ಸಂಖ್ಯೆಯಲ್ಲಿ ವೃದ್ಧಿಹೊಂದಿ, ಕೊಲಾಜೆನ್ ನಾರುಗಳನ್ನು ನೇಯ್ದು, ಕೊನೆಗೆ ಆ ನೇಯ್ಗೆಯನ್ನೆಲ್ಲ ಬಿಗಿದು ಎಳೆಯುತ್ತವೆ. ಉರಿಯೂತವೆಂಬುದು ಮಾಯುವಿಕೆಯ ಮೊದಲನೆಯ ಘಟ್ಟ. ಎಷ್ಟು ಉರಿಯೂತವೋ ಅಷ್ಟು ಕಲೆ. ಆರೋಗ್ಯವಾದ, ತಣ್ಣನೆಯ ಕಣ್ಣಿನಲ್ಲಿ ಈ ಕಾರ್ಯ ಶಸ್ತ್ರದ ಗಾಯದಿಂದಲೇ ಪ್ರಾರಂಭವಾಗಬೇಕು. ಮೊದಲೇ ಉರಿಯೂತವಿದ್ದ ಕಣ್ಣಿನಲ್ಲಾದರೋ ಕಣಗಳು ಮುಂಚಿತವಾಗಿಯೇ ನೆರೆದಿರುತ್ತವೆ, ಸಂದೇಶರಸಗಳು ದ್ರವದಲ್ಲಿ ಮೊದಲೇ ತುಂಬಿರುತ್ತವೆ, ಮತ್ತು ಹೊಸದಾಗಿ ತೆರೆದ ದ್ವಾರದಿಂದ ಆ ದ್ರವವೇ ಹೊರಹರಿದು ಗಾಯವನ್ನು ಹಗಲೂ ರಾತ್ರಿಯೂ ತೊಯ್ಯಿಸುತ್ತಿರುತ್ತದೆ. ಯಾವ ದ್ರವಕ್ಕಾಗಿ ದಾರಿ ಮಾಡಿಕೊಡಲಾಯಿತೋ ಆ ದ್ರವವೇ ದಾರಿಯನ್ನು ಮುಚ್ಚುವ ಸಾಮಗ್ರಿಯನ್ನು ಹೊತ್ತು ತರುತ್ತದೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ವಿಚಾರಾರ್ಹವಾಗಿ ತೋರಿದ ಸಂಗತಿ ಇದು.

ಕಣ್ಣೊಳಗಿನ ಉರಿಯೂತಕ್ಕೆ ಯುವಿಯೈಟಿಸ್ ಎಂದು ಹೆಸರು. ಋತುಬದಲಾವಣೆಯಲ್ಲಿ ಊರಿಗೆ ಊರೇ ನರಳುವ ಕೆಂಗಣ್ಣು ಬೇನೆ ಬೇರೆ. ಅದು ಮೇಲ್ಪೊರೆಯದು, ಸಾಮಾನ್ಯವಾಗಿ ತಾನೇ ಶಮನವಾಗತಕ್ಕದ್ದು. ಯುವಿಯೈಟಿಸ್‌ನಲ್ಲಿ ಐರಿಸ್, ಸಿಲಿಯರಿ ಅಂಗ ಮೊದಲಾದ ಒಳಪದರಗಳು ಬೇಯುತ್ತವೆ. ಕೆಂಪು ಕಾರ್ನಿಯಾದ ಸುತ್ತಲೂ ಬಳೆಯಂತೆ ಕಟ್ಟಿರುತ್ತದೆ, ಬೆಳಕು ಸಹಿಸದು, ನೋಟ ಮಸುಕು. ಅದನ್ನು ನಿಶ್ಚಯವಾಗಿ ಕಾಣಿಸಿಕೊಡತಕ್ಕದ್ದು ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ ಅವರು 1911ರಲ್ಲಿ ಪ್ರದರ್ಶಿಸಿದ ಸ್ಲಿಟ್ ಲ್ಯಾಂಪ್. ಅದರ ಕಿರಿದಾದ ಬೆಳಕಿನ ಕಂಬಿಯು ಸ್ವಸ್ಥವಾದ ಕಣ್ಣಿನ ದ್ರವವನ್ನು ಹಾದುಹೋಗುವಾಗ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಬೆಳಕನ್ನು ಚೆದುರಿಸುವಂಥದು ಏನೂ ಇಲ್ಲ. ರಕ್ತಕ್ಕೂ ಈ ದ್ರವಕ್ಕೂ ನಡುವಣ ತಡೆಯನ್ನು ಉರಿಯೂತವು ಮುರಿದಾಗ ಪ್ರೋಟೀನುಗಳು ಒಳಸುರಿದು ಕಂಬಿಯು ಮಂಜಿನಲ್ಲಿ ತೂರಿದಂತೆ ಕಾಣತೊಡಗುತ್ತದೆ, ಅದರಲ್ಲಿ ಬಿಳಿಕಣಗಳು ತೇಲುತ್ತಿರುವುದೂ ಕಾಣುತ್ತದೆ. ಆ ಕಣಗಳನ್ನು ಎಣಿಸಿ ಉರಿಯೂತಕ್ಕೆ ದರ್ಜೆ ಕೊಡುವ ಸರ್ವಸಮ್ಮತವಾದ ಕ್ರಮವೊಂದು 2005ರಿಂದ ಬಳಕೆಯಲ್ಲಿದೆ. ಶಸ್ತ್ರಕ್ಕೆ ಕಣ್ಣು ಸಿದ್ಧವಾಗಿದೆಯೋ ಇಲ್ಲವೋ ಎಂಬ ವಿಚಾರಣೆಯಲ್ಲಿ ಈ ಎಣಿಕೆಯ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಉರಿಯೂತವು ಗ್ಲಾಕೋಮಾವನ್ನು ಹುಟ್ಟಿಸುವ ಬಗೆಗಳೂ ಹಲವು. ಕಣಗಳೂ ಪ್ರೋಟೀನುಗಳೂ ಜಾಲರಿಯನ್ನು ಕಟ್ಟಬಹುದು, ಜಾಲರಿಯೇ ಊದಿಕೊಳ್ಳಬಹುದು, ಐರಿಸ್ಸಿನ ಅಂಚು ಮೂಲೆಗೆ ಅಂಟಿ ದಾರಿಯನ್ನು ಶಾಶ್ವತವಾಗಿ ಮುಚ್ಚಬಹುದು, ಪಾಪೆಯ ಸುತ್ತಲೂ ಐರಿಸ್ ಮಸೂರಕ್ಕೆ ಅಂಟಿಕೊಂಡು, ಹಿಂದೆ ಸಿಕ್ಕಿಬಿದ್ದ ದ್ರವವು ಅದನ್ನು ಮುಂದಕ್ಕೆ ಉಬ್ಬಿಸಬಹುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅಧಿಮಂಥವೆಂಬ ವ್ಯಾಧಿಯ ವರ್ಣನೆಯಿದೆ. ಕಣ್ಣನ್ನು ಕಡೆದು ಕಿತ್ತಂತೆ ನೋಯಿಸಿ, ಕೆಲವು ರಾತ್ರಿಗಳಲ್ಲಿಯೇ ದೃಷ್ಟಿಯನ್ನು ಹರಣಮಾಡುವ ಆ ಬೇನೆಯನ್ನು ಇಂದಿನ ಹಲವು ವಿದ್ವಾಂಸರು ತೀವ್ರ ಗ್ಲಾಕೋಮಾವೆಂದು ಗುರುತಿಸುತ್ತಾರೆ. ಅಭಿಷ್ಯಂದವೆಂಬ ಉರಿಯೂತವನ್ನು ಉಪೇಕ್ಷಿಸಿದವರಿಗೆ ಅದು ಬರುವುದೆಂದು ಆ ಗ್ರಂಥವು ಹೇಳಿರುವುದನ್ನು ನೋಡಿದರೆ, ಯಂತ್ರಗಳಿಲ್ಲದ ಕಾಲದ ಆ ವೈದ್ಯರ ಅವಲೋಕನಶಕ್ತಿಗೆ ತಲೆಬಾಗಬೇಕೆನಿಸುತ್ತದೆ.

ಇನ್ನು ನಮ್ಮ ಸೀಮೆಯ ವಿಚಾರ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ ನೆಲೆಸಿರುವ ಟಿಬೆಟನ್ ಬಂಧುಗಳನ್ನು ಕ್ಷಯರೋಗವು ಬಹುಕಾಲದಿಂದ ಕಾಡುತ್ತ ಬಂದಿದೆ. ವಸತಿಶಾಲೆಗಳಲ್ಲಿ, ಮಠಗಳಲ್ಲಿ ಒತ್ತಾಗಿ ಬಾಳುವವರ ನಡುವೆ ಅದು ಸುಲಭವಾಗಿ ಹರಡುತ್ತದೆ, ಮತ್ತು ಅದನ್ನು ಹುಡುಕಿ ತೊಲಗಿಸಲು ಅವರ ಆರೋಗ್ಯಸಂಸ್ಥೆಗಳು ಶ್ರದ್ಧೆಯಿಂದ ಶ್ರಮಿಸುತ್ತಿವೆ. ಸುತ್ತಲ ಕನ್ನಡಿಗರಾದ ನಾವೂ ಅದರಿಂದ ಮುಕ್ತರಲ್ಲ: ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗಾಸ್ಪತ್ರೆ ಮೈಸೂರಿನಲ್ಲಿ ನಿಂತಿರುವುದೂ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದುದೂ ಈ ವ್ಯಾಧಿಯ ವ್ಯಾಪ್ತಿಗೆ ಸಾಕ್ಷಿ. ಶ್ವಾಸಕೋಶದ ಆ ಬೇನೆ ಕಣ್ಣಿನೊಳಕ್ಕೂ ಇಳಿಯಬಲ್ಲದೆಂಬುದನ್ನು ಮಾತ್ರ ಜನ ಅಷ್ಟಾಗಿ ಅರಿಯರು. ಭಾರತದಲ್ಲಿ ಯುವಿಯೈಟಿಸ್‌ನ ಕಾರಣವನ್ನು ಹುಡುಕುವ ವೈದ್ಯರು ಮೊದಲು ಸಂದೇಹಿಸುವ ಸೋಂಕು ಕ್ಷಯವೇ. ಗದ್ದೆಯ ನಿಂತ ನೀರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರ ಇನ್ನೊಂದು ಕಾರಣ. 1993ರ ಭಾರಿ ಮಳೆಯ ಬೆನ್ನಿಗೆ ಮಧುರೆಯ ಅರವಿಂದ ಕಣ್ಣಾಸ್ಪತ್ರೆಗೆ ಈ ಬಗೆಯ ಯುವಿಯೈಟಿಸ್ ಆದವರು ಸಾಲಾಗಿ ಬಂದುದು ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ. ಭತ್ತದ ಸೀಮೆಯಾದ ಕೆ.ಆರ್. ನಗರದವರು ಇದನ್ನು ನೆನಪಿನಲ್ಲಿಡಬೇಕು. ಸರ್ಪಸುತ್ತಿನ ವೈರಾಣು, ಬೆನ್ನುಮೂಳೆ ಬಿಗಿಯುವ ಸಂಧಿವಾತ, ಕಾರಣವೇ ತಿಳಿಯದ ಹಲವು ಬಗೆಗಳು, ಇವೆಲ್ಲವೂ ಉಂಟು. ಮತ್ತು ಮಸೂರದ ಪೊರೆಯು ಬಲಿತು ಹಾಲಿನಂತಾದರೂ ಸುಗ್ಗಿ ಮುಗಿಯಲಿ, ಮದುವೆ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತ ಹೋದ ವೃದ್ಧರಲ್ಲಿ ಮಸೂರದ ಪ್ರೋಟೀನು ಸೋರಿ, ಅದನ್ನು ನುಂಗಿದ ಕಣಗಳು ಜಾಲರಿಯನ್ನು ಕಟ್ಟಿ, ಒಂದೇ ರಾತ್ರಿಯಲ್ಲಿ ಕಣ್ಣು ಕಲ್ಲಾಗುವುದುಂಟು. ಅಲ್ಲಿ ಪೊರೆಯನ್ನು ತೆಗೆಯುವುದೇ ಗ್ಲಾಕೋಮಾದ ಚಿಕಿತ್ಸೆ.

ಉರಿಯೂತವನ್ನು ತಣಿಸುವ ಮುಖ್ಯ ಔಷಧ ಸ್ಟೀರಾಯ್ಡ್. ಆ ಔಷಧವೇ ಕಣ್ಣಿನ ಒತ್ತಡವನ್ನು ಏರಿಸುವ ಗುಣವನ್ನೂ ಹೊಂದಿರುವುದು ಈ ಕಥೆಯ ಅತಿ ಕಠಿಣವಾದ ತೊಡಕು. ಅಮೆರಿಕದ ಬೆಕರ್ ಮತ್ತು ಆರ್ಮಲಿ 1960ರ ದಶಕದಲ್ಲಿ ತೋರಿಸಿದಂತೆ, ಕೆಲವು ವಾರ ಸ್ಟೀರಾಯ್ಡ್ ಹನಿ ಹಾಕಿಕೊಂಡವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಒತ್ತಡವು ಮಿತವಾಗಿಯೂ, ನೂರಕ್ಕೆ ಐವರ ಆಸುಪಾಸಿನವರಿಗೆ ಅಪಾಯಕರವಾಗಿಯೂ ಏರುತ್ತದೆ. ಆದುದರಿಂದ ಯುವಿಯೈಟಿಸ್ ಇರುವವರ ಕಣ್ಣಿನ ಒತ್ತಡ ಏರಿದಾಗ ಅದು ರೋಗದ ದೋಷವೋ ಮದ್ದಿನ ದೋಷವೋ ಎಂದು ವಿವೇಚಿಸಬೇಕು; ಹೆದರಿ ಮದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಉರಿಯೂತ ಮರಳಿ ಭುಗಿಲೇಳುತ್ತದೆ. ಇನ್ನೊಂದು ವಿಚಿತ್ರವೂ ಇದೆ: ಸಿಲಿಯರಿ ಅಂಗವೇ ಬೇಯುತ್ತಿರುವಾಗ ಅದು ದ್ರವವನ್ನು ಕಡಮೆ ಸ್ರವಿಸುವುದರಿಂದ ಒತ್ತಡ ತಗ್ಗಿಯೇ ಕಾಣಬಹುದು, ಉರಿಯೂತ ಶಮನವಾಗಿ ಸ್ರಾವ ಮರಳಿದಾಗ, ಅಷ್ಟರಲ್ಲಿ ಕಟ್ಟಿಹೋಗಿದ್ದ ಮೂಲೆಯ ದುರವಸ್ಥೆ ಬಯಲಾಗುತ್ತದೆ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಹನಿಮದ್ದು ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ತುರಿಗಣ್ಣಿನ ಮಕ್ಕಳಿಗೆ ಹೀಗೆ ಹಾಕಿದ ಹನಿಗಳಿಂದ ದೃಷ್ಟಿನರವೇ ಸತ್ತು ಬಂದ ಉದಾಹರಣೆಗಳು ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳಿಗೆಲ್ಲ ಪರಿಚಿತ. ಇದನ್ನು ತಡೆಯಬಹುದಾಗಿತ್ತಲ್ಲಾ ಎಂಬ ವ್ಯಥೆ ಇಂಥ ಕುರುಡಿನಲ್ಲಿ ಎಷ್ಟು ತೀಕ್ಷ್ಣವಾಗಿರುತ್ತದೆಯೋ ಬೇರೆಲ್ಲಿಯೂ ಅಷ್ಟಿರುವುದಿಲ್ಲ.

ಇಷ್ಟನ್ನು ತಿಳಿದ ಮೇಲೆ, ಉರಿಯೂತವಿದ್ದ ಕಣ್ಣಿಗೆ ಗ್ಲಾಕೋಮಾ ಶಸ್ತ್ರಕ್ರಿಯೆ ಆಗಬೇಕೆಂದಾಗ ವೈದ್ಯರು ಏಕೆ ತಡಮಾಡುತ್ತಾರೆಂಬುದು ವೇದ್ಯವಾಗುತ್ತದೆ. ಒತ್ತಡವು ನರವನ್ನು ಕೂಡಲೇ ಕೊಲ್ಲುವಂತಿದ್ದರೆ ಬೇರೆ ಮಾತು; ಇಲ್ಲವಾದರೆ ಕಣ್ಣು ಸುಮಾರು ಮೂರು ತಿಂಗಳಾದರೂ ತಣ್ಣಗಿದ್ದ ಬಳಿಕ ಶಸ್ತ್ರ ಹಿಡಿಯುವುದು ರೂಢಿಯ ನಿಯಮ. ಕ್ಷಯವಿದ್ದರೆ ಅದರ ಮಾತ್ರೆಗಳ ಚಿಕಿತ್ಸೆ ಮೊದಲು ನಡೆಯಬೇಕು. ಆ ಮಾತ್ರೆಗಳಲ್ಲೊಂದಾದ ಎಥಾಂಬ್ಯುಟಾಲ್ ದೃಷ್ಟಿನರಕ್ಕೇ ವಿಷವಾಗಬಲ್ಲದಾದುದರಿಂದ, ಗ್ಲಾಕೋಮಾದಿಂದ ಆಗಲೇ ನರ ಸವೆದವರಲ್ಲಿ ಎರಡು ಪಟ್ಟು ಎಚ್ಚರ ಬೇಕು. ದೇಹವೇ ತನ್ನ ಕಣ್ಣಿನ ಮೇಲೆ ತಿರುಗಿಬಿದ್ದ ಪ್ರಕರಣಗಳಲ್ಲಿ ಮೆಥೊಟ್ರೆಕ್ಸೇಟ್, ಅಝಥಯೊಪ್ರಿನ್ ಮೊದಲಾದವುಗಳಿಂದ ಹತೋಟಿ ಸಾಧಿಸಬೇಕು. ಶಸ್ತ್ರದ ದಿನ ಹತ್ತಿರವಾದಂತೆ ಸ್ಟೀರಾಯ್ಡನ್ನು ಹೆಚ್ಚಿಸುತ್ತಾರೆ.

ಯುವಿಯೈಟಿಸ್ ಎಂದೂ ಆಗದವರಿಗೂ ಈ ವಿಚಾರ ಸಂಬಂಧಿಸಿದೆಯೆಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು. ಇಂಗ್ಲೆಂಡಿನ ಬ್ರಾಡ್‌ವೇ ಮತ್ತು ಸಂಗಡಿಗರು ಗ್ಲಾಕೋಮಾ ರೋಗಿಗಳ ಕಣ್ಣಿನ ಮೇಲ್ಪೊರೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದಂತೆ, ಹಲವು ಬಗೆಯ ಹನಿಮದ್ದುಗಳನ್ನು ವರ್ಷಗಟ್ಟಲೆ ಹಾಕಿಕೊಂಡವರ ಪೊರೆಯಲ್ಲಿ ಹೊರಗೆ ಕಾಣದ ಉರಿಯೂತವೂ ಫೈಬ್ರೋಬ್ಲಾಸ್ಟುಗಳ ಹೆಚ್ಚಳವೂ ಇದ್ದುವು. ಅಂಥವರಲ್ಲಿ ಶಸ್ತ್ರಕ್ರಿಯೆ ಹೆಚ್ಚಾಗಿ ವಿಫಲವಾಗುತ್ತಿತ್ತು. ಹನಿಮದ್ದು ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಮ್ ಕ್ಲೋರೈಡಿಗೂ ಇದರಲ್ಲಿ ಪಾಲುಂಟೆಂದು ಆಮೇಲಿನ ಸಂಶೋಧನೆಗಳು ತೋರಿಸಿದುವು. ಬೆಲ್ಜಿಯಂನ ಲೂವೆನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶಸ್ತ್ರಕ್ಕೆ ಒಂದು ತಿಂಗಳ ಮುಂಚಿನಿಂದ ಉರಿಯೂತ ತಗ್ಗಿಸುವ ಹನಿಗಳನ್ನು ಹಾಕಿಕೊಂಡವರಿಗೆ, ಹುಸಿಮದ್ದು ಪಡೆದವರಿಗಿಂತ ಉತ್ತಮ ಫಲ ದೊರಕಿತು. ಶಸ್ತ್ರದ ಅನಂತರ ಸ್ಟೀರಾಯ್ಡ್ ಹನಿಗಳನ್ನು ಹಾಕಿದವರ ಬ್ಲೆಬ್ ಹತ್ತು ವರ್ಷಗಳ ಮೇಲೂ ಹೆಚ್ಚು ಚೆನ್ನಾಗಿ ಉಳಿದಿತ್ತೆಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು 1995ರಲ್ಲಿಯೇ ವರದಿಮಾಡಿದ್ದರು. ಮೊದಲ ಕೆಲವು ವಾರಗಳ ಹನಿ ಒಂದು ದಶಕದ ಫಲವನ್ನು ನಿಶ್ಚಯಿಸುತ್ತದೆಯೆಂದರೆ ಆ ವಾರಗಳ ಬೆಲೆ ಎಷ್ಟೆಂದು ಊಹಿಸಬಹುದು.

ಕಲೆಗಟ್ಟುವಿಕೆಯನ್ನು ನೇರವಾಗಿ ತಡೆಯಲು ವೈದ್ಯರು ಎರವಲು ತಂದುದು ಅರ್ಬುದದ ಔಷಧಗಳನ್ನು. 1957ರಲ್ಲಿ ಬೆಳಕಿಗೆ ಬಂದ ಫ್ಲೋರೋಯುರಾಸಿಲ್, ಜಪಾನಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಮೈಟೋಮೈಸಿನ್-ಸಿ, ಇವೆರಡೂ ಕೋಶವಿಭಜನೆಯನ್ನು ನಿಲ್ಲಿಸುತ್ತವೆ. ತೈವಾನಿನ ಚೆನ್ ಎಂಬುವರು 1983ರಲ್ಲಿ ಮೈಟೋಮೈಸಿನ್ನನ್ನು ಗ್ಲಾಕೋಮಾ ಶಸ್ತ್ರಕ್ರಿಯೆಗೆ ತಂದರು. ಅದರಲ್ಲಿ ನೆನೆಸಿದ ಸ್ಪಂಜಿನ ತುಣುಕನ್ನು ಕೆಲವು ನಿಮಿಷಗಳ ಮಟ್ಟಿಗೆ ಮೇಲ್ಪೊರೆಯ ಕೆಳಗಿಟ್ಟು ತೊಳೆದುಬಿಟ್ಟರೆ ಫೈಬ್ರೋಬ್ಲಾಸ್ಟುಗಳು ಬಹುಕಾಲ ತಲೆಯೆತ್ತುವುದಿಲ್ಲ. ಉರಿಯೂತದ ಇತಿಹಾಸವಿರುವ ಕಣ್ಣಿಗೆ ಇದು ಬಹುಮಟ್ಟಿಗೆ ಅನಿವಾರ್ಯ. ಆದರೆ ಮಾಯುವಿಕೆ ಅತಿಯಾಗಿ ಕುಗ್ಗಿದರೂ ಕೇಡೇ: ಬ್ಲೆಬ್ ತೀರ ತೆಳುವಾಗಿ ಸೋರಬಹುದು, ಸೋಂಕಿಗೆ ಬಾಗಿಲಾಗಬಹುದು. ಹಳೆಯ ಯುವಿಯೈಟಿಸ್‌ನಿಂದ ಸಿಲಿಯರಿ ಅಂಗವೇ ಬಳಲಿದ್ದರೆ ಬರುವ ದ್ರವ ಕಡಮೆ, ಹೋಗುವ ದಾರಿ ವಿಶಾಲ. ಒತ್ತಡವು 5 ಮಿಲಿಮೀಟರಿಗಿಂತಲೂ ಕೆಳಕ್ಕೆ ಕುಸಿದು ಅಕ್ಷಿಪಟಲದಲ್ಲಿ ಸುಕ್ಕುಗಳೆದ್ದು ನೋಟ ವಕ್ರವಾಗುತ್ತದೆ. ಇಂಥ ಕಣ್ಣುಗಳಿಗಾಗಿ ಹಲವರು ಸಿಲಿಕೋನ್ ಕೊಳವೆಯನ್ನು ಆರಿಸಿಕೊಳ್ಳುತ್ತಾರೆ. ದಕ್ಷಿಣ ಆಫ್ರಿಕದ ಆಂಟನಿ ಮೋಲ್ಟೆನೊ 1969ರಲ್ಲಿ ರೂಪಿಸಿದ ಸಾಧನದ ಸಂತತಿ ಇದು. ದ್ರವವನ್ನು ಕಣ್ಣಿನ ಹಿಂಭಾಗದ ತಟ್ಟೆಯೊಂದಕ್ಕೆ ಒಯ್ಯುವುದರಿಂದ ಮುಂದಿನ ಪೊರೆಯ ಕಲೆ ಅದನ್ನು ಅಷ್ಟು ಸುಲಭವಾಗಿ ಮುಚ್ಚಲಾರದು. 1993ರಲ್ಲಿ ಬಂದ ಅಹ್ಮದ್ ವಾಲ್ವ್‌ನಲ್ಲಿ ಅತಿಸ್ರಾವವನ್ನು ತಡೆಯುವ ಕವಾಟವೂ ಉಂಟು. ಮಧುರೆಯ ಅರೋಲ್ಯಾಬ್ ಕಡಮೆ ಬೆಲೆಗೆ ತಯಾರಿಸುವ ಕವಾಟರಹಿತ ಸಾಧನವು ಈಚಿನ ಒಂದು ದಶಕದಲ್ಲಿ ನಮ್ಮ ದೇಶದ ಬಡರೋಗಿಗಳಿಗೂ ಈ ಚಿಕಿತ್ಸೆಯನ್ನು ಎಟುಕಿಸಿರುವುದು ಸಂತೋಷದ ವಿಷಯ.

ಕನ್ನಡ ನಾಡಿನ ಜನಕ್ಕೆ ಕಣ್ಣಿನ ಶಸ್ತ್ರಕ್ರಿಯೆಯೆಂದೊಡನೆ ಮನಸ್ಸಿಗೆ ಬರುವುದು ಡಾ. ಎಂ. ಸಿ. ಮೋದಿಯವರ ಶಿಬಿರಗಳು. ಊರೂರಿಗೆ ಹೋಗಿ ಲಕ್ಷಾಂತರ ಜನರ ಪೊರೆಯನ್ನು ತೆಗೆದ ಆ ಮಹನೀಯರ ಪುಣ್ಯಕಾರ್ಯದಿಂದ, ಕಣ್ಣಿನ ಆಪರೇಷನ್ ಒಂದು ದಿನದ ಕೆಲಸ, ಕಟ್ಟು ಬಿಚ್ಚಿದರೆ ಮುಗಿಯಿತು ಎಂಬ ಭಾವನೆಯೂ ಬೇರೂರಿತು. ಗ್ಲಾಕೋಮಾಕ್ಕೆ ಆ ಲೆಕ್ಕ ಹೊಂದದು. ಗುರುಪುರದ ಕಡೆಯ ರೈತರೊಬ್ಬರಿಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೋ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿಯೋ ಈ ಶಸ್ತ್ರಕ್ರಿಯೆ ಆಯಿತೆಂದು ಭಾವಿಸೋಣ. ಮೊದಲ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ ಬೀಳಬೇಕು. ಆಮೇಲೆ ಎರಡು ಮೂರು ತಿಂಗಳು ಕ್ರಮವಾಗಿ ಇಳಿಸುತ್ತ ಬರಬೇಕು. ಮೊದಲ ತಿಂಗಳು ಹೆಚ್ಚುಕಡಮೆ ವಾರಕ್ಕೊಮ್ಮೆ ತೋರಿಸಬೇಕು, ಏಕೆಂದರೆ ಹೊಲಿಗೆಯನ್ನು ಸಡಿಲಿಸುವುದು, ಸೂಜಿಯಿಂದ ಕಲೆಯನ್ನು ಬಿಡಿಸುವುದು, ಮೇಲ್ಪೊರೆಯ ಕೆಳಗೆ ಮದ್ದು ಕೊಡುವುದು, ಇವೆಲ್ಲ ಸಮಯ ಮೀರಿದರೆ ವ್ಯರ್ಥ. ಅದೇ ಹೊತ್ತಿಗೆ ಹೊಗೆಸೊಪ್ಪಿನ ಕಾಲ ಬಂದಿದ್ದರೆ, ರಾತ್ರಿಯಿಡೀ ಸೊಪ್ಪನ್ನು ಹದಮಾಡುವ ಬ್ಯಾರನ್ನಿನ ಒಲೆಬಾಯಿಗೆ ಸೌದೆ ಒಡ್ಡುವುದು ಆ ಮನೆಯ ವರ್ಷದ ಅನ್ನದ ಪ್ರಶ್ನೆ. ಬೆಂಕಿಯ ಝಳ, ಹೊಗೆ, ಧೂಳು, ನಿದ್ರೆಗೇಡು, ತಪ್ಪಿಹೋದ ಹನಿ, ಹುಣಸೂರಿನಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರು ಹೋಗಿಬರುವ ಬಸ್ಸಿನ ದಿನಕ್ಕೆ ಕಳೆದುಹೋಗುವ ಕೂಲಿ, ಇವೆಲ್ಲವೂ ಸೇರಿ ಆ ಪುಟ್ಟ ದ್ವಾರದ ಮೇಲೆ ಪರಿಣಾಮಮಾಡುತ್ತವೆ. ಶಸ್ತ್ರದ ದಿನವನ್ನು ಗೊತ್ತುಮಾಡುವಾಗ ಬೇಸಾಯದ ಪಂಚಾಂಗವನ್ನು ಕೇಳುವ ವೈದ್ಯರು ನಿಜವಾಗಿಯೂ ಉರಿಯೂತಕ್ಕೆ ಚಿಕಿತ್ಸೆ ಮಾಡುತ್ತಿದ್ದಾರೆಂದೇ ನನ್ನ ಅಭಿಪ್ರಾಯ. ವರ್ಷಗಳ ತರುವಾಯವೂ ಯುವಿಯೈಟಿಸ್ ಒಮ್ಮೆ ಮರುಕಳಿಸಿದರೆ ಚೆನ್ನಾಗಿದ್ದ ಬ್ಲೆಬ್ ಮುಚ್ಚಿಹೋಗಬಹುದು; ಬ್ಲೆಬ್ ಇರುವ ಕಣ್ಣು ಕೆಂಪಾಗಿ ನೋಯುತ್ತ ಕೀವು ಕಂಡರಂತೂ ಅದು ಒಳಸೋಂಕಿನ ಸೂಚನೆ, ಅಂದೇ ಆಸ್ಪತ್ರೆ ಸೇರಬೇಕು.

ಮಕ್ಕಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಎಳೆಯ ದೇಹದ ಮಾಯುವ ಶಕ್ತಿ ಪ್ರಬಲ, ಆದುದರಿಂದಲೇ ಅವರಲ್ಲಿ ಟ್ರಾಬೆಕ್ಯುಲೆಕ್ಟಮಿ ಮುಚ್ಚಿಹೋಗುವುದು ಹೆಚ್ಚು. ಬಾಲ್ಯದ ಸಂಧಿವಾತದಲ್ಲಿ ಮೊಣಕಾಲೋ ಹರಡೋ ಊದಿಕೊಂಡು ಮಗು ಕುಂಟುತ್ತಿರುವಾಗಲೇ ಕಣ್ಣಿನೊಳಗೂ ಉರಿಯೂತ ನಡೆದಿರಬಹುದು. ವಿಪರ್ಯಾಸವೆಂದರೆ ಆ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗುವೂ ಏನನ್ನೂ ಹೇಳುವುದಿಲ್ಲ. ಸ್ಲಿಟ್ ಲ್ಯಾಂಪಿನ ಬೆಳಕಿಗಲ್ಲದೆ ಬೇರಾವುದಕ್ಕೂ ಅದು ಗೋಚರವಾಗದು. ಆ ಕಾರಣ, ಅಪಾಯ ಹೆಚ್ಚಿರುವ ಮಕ್ಕಳನ್ನು ಕಣ್ಣಿನ ದೂರೇನೂ ಇಲ್ಲದಿದ್ದರೂ ಸುಮಾರು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ವೈದ್ಯರು ವಿಧಿಸುತ್ತಾರೆ. ಅಂಥ ಮಗುವಿಗೆ ಗ್ಲಾಕೋಮಾ ಬಂದರೂ, ಮೂಲೆಯು ಅಂಟಿಹೋಗುವ ಮುನ್ನವೇ ಅದು ಪತ್ತೆಯಾದರೆ, ಹೊರಗೋಡೆಯಲ್ಲಿ ಹೊಸ ದ್ವಾರವನ್ನು ಮಾಡದೆ, ಒಳಗಿನಿಂದಲೇ ಜಾಲರಿಯನ್ನು ಸೀಳಿ ಶ್ಲೆಮ್ ನಾಳಕ್ಕೆ ದಾರಿಕೊಡುವ ಗೋನಿಯಾಟಮಿ ಎಂಬ ಕ್ರಮದಿಂದ ಅನೇಕ ಮಕ್ಕಳ ಒತ್ತಡವನ್ನು ಹತೋಟಿಗೆ ತಂದಿದ್ದಾರೆ. ಅದರಲ್ಲಿ ಬ್ಲೆಬ್ ಇಲ್ಲ, ಟೆನನ್ ಪದರವನ್ನು ಕೆಣಕುವುದೂ ಇಲ್ಲ. ಊದಿದ ಮೊಣಕಾಲಿಗಾಗಿ ಮಗುವನ್ನು ಹುಣಸೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದುತರುವ ತಾಯಿತಂದೆಯರನ್ನು, ಅವರು ಕೇಳದಿದ್ದರೂ, ಅದೇ ದಿನ ಕಣ್ಣಿನ ವಿಭಾಗಕ್ಕೂ ಕಳುಹಿಸಿಕೊಡುವುದು ಈ ಚಿಕಿತ್ಸೆಯ ಮೊದಲ ಹೆಜ್ಜೆ.